ಸೊಪ್ಪಕ್ಕನ ಸ್ಪಿರಿಟ್, ಅತ್ತೆಯ ನೀರು

ಗಾಯದ ಮುಲಾಮು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಔಷಧಿ ಎಲೆಗಳಿಂದ ಸತ್ವ ತೆಗೆಯುವುದು ಆಕೆಯ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಆಕೆ ಸೊಪ್ಪಕ್ಕ. ಸತ್ವದ ವಿಷಯದಲ್ಲಿ ಅಲ್ಲಿ ಆಕೆ ಹೇಳಿದ್ದೇ ಕೊನೆ. ಮನೆಯಲ್ಲಿ ಮಾತ್ರ ಅತ್ತೆ ಆ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲ.

ಎಲೆಯನ್ನು ನೀರಿನಲ್ಲಿ ನೆನೆಸಿದರೆ ಸಾಕು, ನೀರು ಬಿಡಿಸದ ಗುಣ ಯಾವುದೂ ಇಲ್ಲ ಎಂಬುದು ಅತ್ತೆಯ ವಾದ. ನೀರಿನಲ್ಲಿ ಕರಗುವುದಷ್ಟೇ ನೀರಿಗೆ ಬರುತ್ತದೆ, ಉಳಿದದ್ದಕ್ಕೆ ಸ್ಪಿರಿಟ್ಟೇ ಬೇಕು ಎಂದು ಸೊಸೆ. ನಡುವೆ ಕೂತ ಗಂಡ ಇಬ್ಬರ ಮಾತಿಗೂ ತಲೆಯಾಡಿಸಿ ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದ.

ಕೊನೆಗೆ ಸೊಪ್ಪಕ್ಕ ಒಂದೇ ಗಿಡದ ಒಣಗಿದ ಎಲೆಯನ್ನು ಪುಡಿ ಮಾಡಿ ಎರಡು ಜಾಡಿಗೆ ತುಂಬಿದಳು. ಒಂದಕ್ಕೆ ನೀರು, ಇನ್ನೊಂದಕ್ಕೆ ಕಾರ್ಖಾನೆಯಿಂದ ಕೇಳಿ ತಂದ ಅಪ್ಪಟ ಸ್ಪಿರಿಟ್. ಎರಡನ್ನೂ ಅಡುಗೆಮನೆಯ ಕಪಾಟಿನಲ್ಲಿಟ್ಟು, ಇನ್ನು ನೋಡೋಣ ಎಂದು ಕೈ ಕೊಡವಿದಳು.

ಕೆಲವೇ ದಿನಗಳಲ್ಲಿ ನೀರಿನ ಜಾಡಿಗೆ ಬೂಷ್ಟು ಹಿಡಿದು, ಮುಚ್ಚಳ ತೆಗೆದವರು ಮೂಗು ಮುಚ್ಚಿಕೊಳ್ಳುವಂತಾಯಿತು. ಜಾಡಿ ಸರಿಯಾಗಿ ತೊಳೆದಿಲ್ಲ ಎಂದರು ಅತ್ತೆ. ಸೊಪ್ಪಕ್ಕ ಗೆದ್ದೆನೆಂದುಕೊಂಡು ಸ್ಪಿರಿಟ್ಟಿನ ಜಾಡಿಯನ್ನು ಕಾರ್ಖಾನೆಗೆ ಒಯ್ದು, ಅಲ್ಲಿ ಅದೇ ಎಲೆಯಿಂದ ಯಾವಾಗಲೂ ತೆಗೆಯುವ ಸ್ಪಿರಿಟ್ ಸತ್ವದ ಪಕ್ಕದಲ್ಲೇ ಪರೀಕ್ಷೆಗಿಟ್ಟಳು. ಕಾರ್ಖಾನೆಯದು ಕಡುಹಸಿರು, ಮನೆಯದು ಕಂದು, ನೋಡಲು ಸಪ್ಪೆ. ಆದರೆ ರೋಗಾಣು ಬೆಳೆಸಿದ ಗಾಜಿನ ತಟ್ಟೆಯಲ್ಲಿ ಮನೆಯ ಹನಿ ಬಿದ್ದ ಕಡೆ ಸುತ್ತಲಿನ ರೋಗಾಣುಗಳೆಲ್ಲ ಸತ್ತು ಅಗಲವಾಗಿ ಬಯಲಾಗಿತ್ತು. ಕಡುಹಸಿರಿನ ಹನಿ ಅದರ ಅರ್ಧದಷ್ಟೂ ಮಾಡಿರಲಿಲ್ಲ.

ಅದೇ ಎಲೆ, ಅದೇ ಸ್ಪಿರಿಟ್. ಸೊಪ್ಪಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಮನೆಗೆ ಬಂದು ವಿಚಾರಿಸಿದಾಗ ಅತ್ತೆ ಬಟ್ಟೆ ಮಡಚುವುದನ್ನೂ ನಿಲ್ಲಿಸಲಿಲ್ಲ.

“ಆ ಘಾಟಿಗೆ ಎಲೆ ಸುಟ್ಟೇ ಹೋಗುತ್ತೆ ಅನ್ನಿಸ್ತು ಕಣಮ್ಮ. ನೀನು ಆ ಕಡೆ ಹೋದಾಗ ಒಂಚೂರು ನೀರು ಹಾಕ್ದೆ.”

“ಎಷ್ಟು ಹಾಕಿದ್ರಿ ಅತ್ತೆ?”

“ಎಷ್ಟು ಅಂದ್ರೆ? ಸಾಕು ಅನ್ನಿಸೋಷ್ಟು.”

ಸೊಪ್ಪಕ್ಕನಿಗೆ ಸಿಟ್ಟೂ ಬಂತು, ನಗುವೂ ಬಂತು. ಹಸಿರು ಗಾಢವಾದಷ್ಟೂ ಔಷಧಿ ಗಟ್ಟಿ ಎಂದು ಇಷ್ಟು ದಿನ ನಂಬಿದ್ದಳು. ಅಪ್ಪಟ ಸ್ಪಿರಿಟ್ ಎಲೆಯ ಬಣ್ಣವನ್ನೂ ಮೇಣವನ್ನೂ ಬಾಚಿಕೊಂಡು ಬಂದಿತ್ತಷ್ಟೆ. ಗಾಯಕ್ಕೆ ಬೇಕಾದ ಗುಣ ಹೊರಬರಲು ಜೊತೆಗೆ ನೀರೂ ಬೇಕಿತ್ತು.

ಸುದ್ದಿ ಕೇಳಿದ ಮ್ಯಾನೇಜರಿಗೆ ಅಳತೆ ಬೇಕಾಯಿತು. ಅಳತೆ ಇದ್ದದ್ದು ಅತ್ತೆಯ ಕೈಯಲ್ಲಿ. ಹಾಗಾಗಿ ಅವರನ್ನೇ ಕಾರ್ಖಾನೆಗೆ ಕರೆಸಿ, ಅವರು ಲೋಟದಿಂದ ನೀರು ಬಗ್ಗಿಸುವಾಗ ಕೆಳಗೆ ಗಾಜಿನ ಅಳತೆಪಾತ್ರೆ ಹಿಡಿದರು. ಎಲ್ಲರೂ ನೋಡುತ್ತಿದ್ದುದಕ್ಕೋ ಏನೋ, ಅತ್ತೆಯ ಕೈಯಿಂದ ಪ್ರತಿ ಸಲವೂ ಒಂದೊಂದು ಅಳತೆ ಬಂತು. ಸೊಪ್ಪಕ್ಕ ಅಷ್ಟನ್ನೂ ಬೇರೆ ಬೇರೆ ಜಾಡಿಯಲ್ಲಿ ಬೆರೆಸಿ ಪರೀಕ್ಷಿಸಿದಳು. ಸ್ಪಿರಿಟ್ ಹೆಚ್ಚು, ನೀರು ಕಡಿಮೆ ಇದ್ದ ಜಾಡಿ ಗೆದ್ದಿತು. ನೀರು ಬಿದ್ದಿದ್ದಕ್ಕೇ ಗೆದ್ದದ್ದು ಎಂದು ಅತ್ತೆ, ಹೆಚ್ಚು ಪಾಲು ಸ್ಪಿರಿಟ್ಟಿನದೇ ಎಂದು ಸೊಸೆ. ಕೆಲಸದವರು ಆ ಮಿಶ್ರಣಕ್ಕೆ ‘ಅತ್ತೆ-ಸೊಸೆ’ ಎಂದೇ ಹೆಸರಿಟ್ಟರು.

ಫಲಿತಾಂಶ ನೋಡಲು ಬಂದಿದ್ದ ಅತ್ತೆ ಹೊರಟು ನಿಂತಾಗ, ಆಗಾಗ ಬರುತ್ತಿರಿ ಎಂದರು ಮ್ಯಾನೇಜರ್.

“ಬರ್ತೀನಪ್ಪ. ಮೊದ್ಲು ಆ ಕಿಟಕಿ ತೆಗೆಸು. ಈ ಘಾಟಲ್ಲಿ ನಮ್ಮ ಹುಡುಗಿ ದಿನವಿಡೀ ಹೇಗೆ ನಿಂತ್ಕೋಬೇಕು?”

ಬಿಗಿದುಹೋಗಿದ್ದ ಆ ಮರದ ಕಿಟಕಿಯ ಬಗ್ಗೆ ಹೇಳಿ ಹೇಳಿ ಸೊಪ್ಪಕ್ಕನ ಬಾಯಿ ಸೋತಿತ್ತು. ಮರುದಿನ ಆಕೆ ಕೆಲಸಕ್ಕೆ ಬಂದಾಗ ಬಡಗಿ ಆಗಲೇ ಉಳಿ ಹಿಡಿದು ಕಿಟಕಿ ಕೆತ್ತುತ್ತಿದ್ದ.