ತುಪ್ಪ ಕಾಸಿ ಹಾಕು ಎಂದವಳು ನಾನು

ಸುಮಂಗಲಾ, ನಿನ್ನ ಕೈಯಲ್ಲಿ ಗುಣವಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಅಂದು ನಿನ್ನ ನಾನಕಟಾಯಿ ಕೆಡುವಂತೆ ಮಾಡಿದವಳು ನಾನು — ನಿನ್ನ ಅತ್ತೆ. ತಿಳಿದೇ ಮಾಡಿದೆ. ಬಾಯಿ ತಪ್ಪಿ ಬಂದ ಮಾತಲ್ಲ, ಮರೆವೂ ಅಲ್ಲ. ಇಪ್ಪತ್ತೆರಡು ವರ್ಷ ಅದನ್ನು ನುಂಗಿಕೊಂಡು ಕುಳಿತೆ. ಮೊನ್ನೆ ಭಾನುವಾರ ಅದರ ಮೇಲೆ ಇನ್ನೊಂದು ಸುಳ್ಳು ಹೇಳಿದೆ, ಅದೂ ನಿನ್ನ ಮಗಳ ಮುಂದೆ. ಅದಕ್ಕೇ ಬರೆಯುತ್ತಿದ್ದೇನೆ. ಎದುರು ನಿಂತು ಹೇಳಹೋದರೆ ನಾನು ಅಳುತ್ತೇನೆ, ನಾನು ಅತ್ತರೆ ನೀನು ನೀರು ತಂದುಕೊಡುತ್ತೀ, ಮಾತು ಅಲ್ಲಿಗೇ ಮುಗಿಯುತ್ತದೆ. ಮೂರನೆಯ ಇಯತ್ತೆಗೇ ಸಾಲೆ ಬಿಟ್ಟ ಕೈ ಇದು, ಅಕ್ಷರ ಡೊಂಕಾಗಿವೆ. ಇರಲಿ. ಮಾತು ಡೊಂಕಾಗದಿದ್ದರೆ ಸಾಕು.

ನಾನಕಟಾಯಿ ಯಾರು ಕಲಿಸಿದರು ಎಂದು ನೀನು ಒಮ್ಮೆ ಕೇಳಿದ್ದೆ. ಯಾರೂ ಕಲಿಸಲಿಲ್ಲ, ತಾನೇ ಬಂತು ಎಂದಿದ್ದೆ. ಎಂಥ ಸೊಕ್ಕು ನೋಡು! ಹಳೇ ಹುಬ್ಬಳ್ಳಿಯಲ್ಲಿ ನನ್ನ ತವರಿನ ಓಣಿಯ ತುದಿಗೆ ಒಂದು ಬೇಕರಿ ಭಟ್ಟಿ ಇತ್ತು. ದೀಪಾವಳಿ ಹತ್ತಿರ ಬಂದರೆ ಓಣಿಯ ಹೆಂಗಸರು ಹಿಟ್ಟು, ಸಕ್ಕರೆ, ತುಪ್ಪ ಒಯ್ದು, ಅಲ್ಲಿಯೇ ಕಲಸಿ, ತಗಡಿನ ತಟ್ಟೆಯಲ್ಲಿ ಉಂಡೆ ಜೋಡಿಸಿ ಬೇಯಿಸಿಕೊಂಡು ಬರುತ್ತಿದ್ದರು. ನನಗೆ ಆಗ ಎಂಟೋ ಒಂಬತ್ತೋ. ತಮ್ಮನನ್ನು ಎತ್ತಿಕೊಳ್ಳಲೆಂದು ಸಾಲೆ ಬಿಡಿಸಿದ್ದರು. ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಆ ಭಟ್ಟಿಯ ಮುಂದೆಯೇ ಬಿದ್ದಿರುತ್ತಿದ್ದೆ. ಬಾಗಿಲು ತೆರೆದಾಗ ಮುಖಕ್ಕೆ ಬಡಿಯುವ ಆ ಕಾವು, ಏಲಕ್ಕಿಯ ಆ ವಾಸನೆ — ಅಲ್ಲಿಂದ ನನ್ನನ್ನು ಎಬ್ಬಿಸಬೇಕಾದರೆ ಅವ್ವ ಕಿವಿ ಹಿಂಡಬೇಕಾಗುತ್ತಿತ್ತು.

ಭಟ್ಟಿಯವನ ಹೆಂಡತಿ ಹುಸೇನಬಿ ಒಂದು ದಿನ ತಮ್ಮನನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡು, ನನ್ನ ಮುಂದೆ ತುಪ್ಪ ಹಾಕಿದ ಅಗಲ ತಾಟು, ಪರಾತ, ಸರಿಸಿದಳು. "ತುಪ್ಪ ಗಟ್ಟಿ ಇರಬೇಕ ಬೇಟಿ. ಅಂಗೈಲೆ ತಿಕ್ಕು. ಬೆಳ್ಳಗ ಬೆಣ್ಣಿ ಹಂಗ ಆಗೂತನಾ ತಿಕ್ಕು. ರಟ್ಟಿ ನೋಯಬೇಕು! ತುಪ್ಪ ಕಾಸಿದ್ಯೋ, ಎಲ್ಲಾ ಹರದು ಚಪ್ಪಟಿ ಆಗತಾವು," ಎಂದಳು.

ಅಷ್ಟೇ ಸುಮಂಗಲಾ. ಓಣಿಯೆಲ್ಲ ಹೊಗಳುವ ನನ್ನ, ಈ ನೀಲಕ್ಕನ ಕೈಗುಣ ಎಂದರೆ ಅಷ್ಟೇ. ನನಗೆ ಹುಸೇನಬಿ ಯಾರು? ಬಂಧುವಲ್ಲ, ಬಳಗವಲ್ಲ. ಒಂದು ಮಾತನ್ನೂ ಮುಚ್ಚಿಡದೆ ಕೊಟ್ಟಳು. ಅಂಥವಳ ಹತ್ತಿರ ಕಲಿತದ್ದನ್ನು ನಾನು ನನ್ನ ಮನೆಗೆ ಬಂದ ಹುಡುಗಿಗೆ... ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಉಣಕಲ್ಲಿನ ಈ ಮನೆಗೆ ನೀನು ಬಂದಾಗ ನಿನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒಂದು ದಪ್ಪ ನೋಟುಬುಕ್ಕು ಇತ್ತು. ಹತ್ತು ವರ್ಷದವಳಿದ್ದಾಗಿನಿಂದ ಯಾರ ಮನೆಯಲ್ಲಿ ಏನು ರುಚಿಯಾಗಿ ತಿಂದರೂ ಕೇಳಿ ಬರೆದುಕೊಂಡದ್ದು. ಬಿ.ಎ. ಓದಿದ ಸೊಸೆ, ಓದಿದ ಬುಕ್ಕುಗಳನ್ನು ಬಿಟ್ಟು ಅಡಿಗೆಯ ಬುಕ್ಕು ತಂದಿದ್ದಳು! ನನಗೆ ಎಷ್ಟು ಹಿಗ್ಗಾಗಬೇಕಿತ್ತು. ಆಗಲಿಲ್ಲ. ಮರುವರ್ಷ ಚೌತಿಗೆ ನೀನು ಕರ್ಚಿಕಾಯಿ ಮಾಡಿದೆ. ನಿನ್ನ ಮಾವ ನಾಲ್ಕು ತಿಂದು, ಐದನೆಯದನ್ನು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿ ನಕ್ಕರು. "ಇನ್ನ ನೀ ಪಿಂಚಣಿ ತಗೊಂಡು ಕುಂದ್ರು. ಸೊಸಿ ಕರ್ಚಿಕಾಯಿ ನಿನ್ನವಕ್ಕಿಂತ ಹಗುರ ಆಗ್ಯಾವು."

ಚೇಷ್ಟೆಯ ಮಾತು. ಅವರಿಗೆ ಸಂಜೆಗೇ ಮರೆತುಹೋಯಿತು. ನನಗೆ ಮರೆಯಲಿಲ್ಲ.

ಆ ದೀಪಾವಳಿಗೆ ನೀನು ಬುಕ್ಕು, ಪೆನ್ನು ಹಿಡಿದು ನನ್ನ ಹತ್ತಿರ ಬಂದು ಕುಳಿತೆ. "ಅತ್ತಿ, ನಿಮ್ಮ ನಾನಕಟಾಯಿ ಹೆಂಗ ಮಾಡ್ತೀರಿ ಹೇಳ್ರಿ, ಬರಕೋತೇನಿ." ಅಳತೆ ಎಲ್ಲ ಸರಿಯಾಗಿ ಹೇಳಿದೆ. ಮೈದಾ, ಕಡಲೆಹಿಟ್ಟು, ಸಣ್ಣ ರವೆ, ಪುಡಿ ಸಕ್ಕರೆ — ಒಂದರಲ್ಲೂ ಮೋಸವಿಲ್ಲ. ತುಪ್ಪದ ಮಾತು ಬಂದಾಗ ನೀನು ತಲೆ ಎತ್ತಿದೆ. "ತುಪ್ಪ ಗಟ್ಟೀದ ಹಾಕೂದ್ರಿ?" ನಿನಗೆ ಅರ್ಧ ಗೊತ್ತಿತ್ತು! ನಾನು ಹೇಳಿದೆ: "ಇಲ್ಲವಾ, ಚಲೋತ್ನಂಗ ಕಾಸಿ, ಬಿಸಿ ಇದ್ದಾಗನ ಹಾಕು."

ನೀನು ಬರೆದುಕೊಂಡೆ. ನನ್ನ ಮೇಲಿನ ನಂಬಿಕೆಯಿಂದ ಬರೆದುಕೊಂಡೆ.

ಆಗ ಉಣಕಲ್ಲಿನಲ್ಲಿಯೂ ಒಂದು ಭಟ್ಟಿ ಇತ್ತಲ್ಲ. ನೀನೊಬ್ಬಳೇ ಹೋಗಿ ಬೇಯಿಸಿಕೊಂಡು ಬಂದೆ. ಡಬ್ಬಿ ತೆರೆದರೆ ಒಂದಕ್ಕೊಂದು ಅಂಟಿಕೊಂಡು ಹರಿದ ಕಂದು ಬಿಲ್ಲೆಗಳು. ಹಬ್ಬಕ್ಕೆ ಬಂದಿದ್ದ ನನ್ನ ಮಗಳು ಗೀತಾ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. "ವೈನಿ, ಇವು ನಾನಕಟಾಯಿನೋ ಹಪ್ಪಳಾನೋ? ಎಣ್ಣ್ಯಾಗ ಬಿಟ್ಟು ಕರೀಲೇನು?" ಎಲ್ಲರೂ ನಕ್ಕರು. ನೀನೂ ನಕ್ಕೆ, ಕಣ್ಣು ಮಾತ್ರ ನನ್ನ ಕಡೆ ಇತ್ತು. ನಾನು ಏನಾದರೂ ಹೇಳಿ ನಿನ್ನ ಮಾನ ಉಳಿಸುತ್ತೇನೆಂದು ನೀನು ಕಾದೆ. ನಾನು ಹೇಳಿದೆ. "ಆಕಿನ್ನ ಯಾಕ ನಗತೀರಿ? ಓದಿದ್ದು ತಲ್ಯಾಗ ಇರತೈತಿ, ಗುಣ ಕೈಯಾಗ ಇರಬೇಕು. ಅದು ಕಲಿಸಿದ್ರ ಬರೂದಲ್ಲ ಬಿಡ್ರಿ."

ಇಷ್ಟು ಮೆತ್ತಗಿನ ದನಿಯಲ್ಲಿ, ಕನಿಕರ ಬೆರೆಸಿ, ಒಬ್ಬಳ ಕೈ ಕತ್ತರಿಸಬಹುದು ಎಂದು ನನಗೆ ಅಂದು ಗೊತ್ತಾಯಿತು. ಗೊತ್ತಾಗಿಯೂ ತಿದ್ದಲಿಲ್ಲ.

ಅಲ್ಲಿಂದ ನೀನು ರೊಟ್ಟಿ ಬಡಿದೆ, ಪಲ್ಯ ಮಾಡಿದೆ, ನಿತ್ಯದ ಕೆಲಸವೆಲ್ಲ ಮಾಡಿದೆ. ಹಬ್ಬದ ಒಲೆಗೆ ಬರಲಿಲ್ಲ. "ನೀವ ಮಾಡ್ರಿ ಅತ್ತಿ, ನನ್ನ ಕೈ ಬ್ಯಾಡ." ಆ ಮಾತು ಕೇಳಿದಾಗಲೆಲ್ಲ ನನಗೆ — ಬರೆಯುತ್ತೇನೆ, ಇದನ್ನೂ ಬರೆಯುತ್ತೇನೆ — ಹಿತವಾಗುತ್ತಿತ್ತು. ಅರ್ಧಕ್ಕೇ ಸಾಲೆ ಬಿಟ್ಟವಳು, ಒಲೆಯೊಂದೇ ನನ್ನದೆಂದು ಇತ್ತು, ಅದೂ ಹೋದೀತೆಂಬ ಹೆದರಿಕೆ ಎಂದು ಮನಸ್ಸು ಈಗ ಕತೆ ಕಟ್ಟುತ್ತದೆ. ಥೂ! ಸಾಲೆ ಕಾಣದ ಎಷ್ಟು ಹೆಂಗಸರು ಸೊಸೆಯರಿಗೆ ಸರಿಯಾಗಿ ಕಲಿಸಿಲ್ಲ? ಹುಸೇನಬಿ ಯಾವ ಸಾಲೆಗೆ ಹೋಗಿದ್ದಳು?

ಈಗ ಭಾನುವಾರದ ಮಾತು. ನೀನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮೊಮ್ಮಗಳು ಅಕ್ಷತಾ ಅಟ್ಟದಿಂದ ಆ ನೋಟುಬುಕ್ಕು ಇಳಿಸಿಕೊಂಡು ಬಂದು, ಹೊಸ ಓವನ್ನಿನಲ್ಲಿ ನಾನಕಟಾಯಿ ಇಟ್ಟಿದ್ದಳು. ಹನ್ನೆರಡು ವರ್ಷದ ಕೂಸು, ತಾನೇ ಅಳೆದು, ತಾನೇ ಕಲಸಿ! ನನ್ನ ಎದೆ ತುಂಬಿ ಬಂದಿತ್ತು ಸುಮಂಗಲಾ. ಆದರೆ ತಟ್ಟೆ ಹೊರಗೆ ಬಂದಾಗ ಎಲ್ಲವೂ ಹರಿದಿದ್ದವು. ಅವಳು ಅಳಲಿಲ್ಲ. ಕೈ ಜಾಡಿಸಿ, ದೊಡ್ಡವರಂತೆ ಹೇಳಿದಳು. "ಬಿಡು ಆಯಿ, ನನಗ ನಮ್ಮವ್ವನ ಕೈ ಬಂದೈತಿ. ಗುಣ ಇಲ್ಲದ್ದು."

ನನ್ನ ಮೈಯೆಲ್ಲ ಉರಿಯಿತು. ಯಾರ ಮೇಲೆ ಸಿಟ್ಟು ಮಾಡಲಿ? ಆ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ. ಬುಕ್ಕು ತೆರೆದೇ ಇತ್ತು. ನಿನ್ನ ದುಂಡು ಅಕ್ಷರದಲ್ಲಿ ಬರೆದದ್ದನ್ನು ಕೂಡಿಸಿ ಕೂಡಿಸಿ ಓದಿದೆ. "ತುಪ್ಪ ಚೆನ್ನಾಗಿ ಕಾಸಿ ಬಿಸಿ ಇರುವಾಗಲೇ ಹಾಕಬೇಕು. ಅತ್ತೆಯವರ ಪದ್ಧತಿ." ಅದರ ಮುಂದಿನ ಹಾಳೆ ಖಾಲಿ. ಅದರ ಮುಂದಿನದೂ. ಬುಕ್ಕಿನ ಅರ್ಧ ಖಾಲಿ.

ಎದ್ದು ಗಟ್ಟಿ ತುಪ್ಪ ತೆಗೆದು ಪರಾತಕ್ಕೆ ಹಾಕಿದೆ. ತಿಕ್ಕು ಎಂದೆ. ರಟ್ಟೆ ನೋಯುವತನಕ ತಿಕ್ಕಿಸಿದೆ. ಅವಳು ಕೇಳಿದಳು: "ಮತ್ತ ಅವ್ವನ ಬುಕ್ಕಿನ್ಯಾಗ ಕಾಸಬೇಕಂತ ಐತೆಲ್ಲ?"

ಹೇಳಬಹುದಿತ್ತು. ಬಾಯಿ ತೆರೆದೂ ಇದ್ದೆ. ಬಂದ ಮಾತು — "ನಿಮ್ಮವ್ವ ತಪ್ಪು ಬರಕೊಂಡಾಳ."

ಎರಡನೆಯ ತಟ್ಟೆ ಹೊರಗೆ ಬಂತು. ದುಂಡಗೆ ಉಬ್ಬಿ, ನೆತ್ತಿಯ ಮೇಲೆ ಬಿರಿದಿದ್ದವು. ಬಾಯಿಗಿಟ್ಟರೆ ಪುಡಿಪುಡಿ. ಅಕ್ಷತಾ ಕಿರಿಚಿ ನನ್ನ ಕೊರಳಿಗೆ ಬಿದ್ದಳು, ಹಿಟ್ಟಿನ ಕೈಯಿಂದ ನನ್ನ ಗಲ್ಲ ಹಿಡಿದಳು. ಈ ವಯಸ್ಸಿನಲ್ಲಿ ನಾನು ಅವಳನ್ನು ಹಿಡಿದುಕೊಂಡು ಅಡಿಗೆಮನೆಯಲ್ಲಿ ಗಿರಕಿ ಹೊಡೆದೆ. ನನ್ನ ಜನ್ಮದಲ್ಲಿ ಅಷ್ಟು ಆನಂದ ಪಟ್ಟಿದ್ದಿಲ್ಲ. ಆಮೇಲೆ ಅವಳು ಹಿತ್ತಲಿಗೆ ಓಡಿದಳು. "ಅವ್ವಾ, ನೀ ತಪ್ಪು ಬರಕೊಂಡಿದ್ದಿ! ಆಯಿ ಹೇಳಿದ್ಲು!" ನೀನು ನೊರೆಯ ಕೈಯಲ್ಲೇ ನಕ್ಕದ್ದು ನನಗೆ ಕೇಳಿಸಿತು. "ಹೌದೇನವಾ? ಬರಕೊಂಡಿರಬೇಕು. ನನಗೆಲ್ಲಿ ತಿಳೀತಿತ್ತು ಆಗ."

ನಾನು ಒಲೆಯ ಕಟ್ಟೆ ಹಿಡಿದು ನಿಂತೆ. ಮೊಮ್ಮಗಳ ಸುಖವನ್ನು ಕೂಡ ನಿನ್ನ ತಲೆಯ ಮೇಲೆ ಕಾಲಿಟ್ಟೇ ಉಂಡೆ ನಾನು.

ಬರುವ ಭಾನುವಾರ ಗೀತಾ ಧಾರವಾಡದಿಂದ ಬರುತ್ತಾಳೆ. ಅವಳನ್ನೂ, ನನ್ನ ಮಗನನ್ನೂ, ಅಕ್ಷತಾಳನ್ನೂ ಕೂರಿಸಿಕೊಂಡು ಇದೆಲ್ಲವನ್ನೂ ನಾನೇ ಬಾಯಿಬಿಟ್ಟು ಹೇಳುತ್ತೇನೆ. ಮೊಮ್ಮಗಳು ಇನ್ನು ಹಾಗೆ ನನ್ನ ಕೊರಳಿಗೆ ಬೀಳಲಿಕ್ಕಿಲ್ಲ. ಬೀಳದಿದ್ದರೆ ಅದು ನನಗೆ ಆಗಬೇಕಾದದ್ದೇ.

ನಿನ್ನ ಹತ್ತಿರ ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಟ್ಟುಬಿಡುತ್ತೀ, ನಿನ್ನ ಗುಣವೇ ಅದು. ಇದನ್ನು ಓದಿ ಮಡಚಿಟ್ಟು, "ಹೋಗ್ಲಿ ಬಿಡ್ರಿ ಅತ್ತಿ, ಹಳೇ ಮಾತು" ಅನ್ನಬೇಡ. ಬೈಯಿ. ಕೂಗಾಡು. ಎಷ್ಟು ದಿನ ಬೇಕೋ ಅಷ್ಟು ದಿನ ನನ್ನ ಸಂಗಡ ಮಾತು ಬಿಡು. ಆ ಸಿಟ್ಟು ನನಗೆ ಸಲ್ಲಬೇಕಾದದ್ದು. ಇಷ್ಟು ವರ್ಷ ನೀನು ಅದನ್ನು ನಿನ್ನ ಕೈಗಳ ಮೇಲೆ ತೀರಿಸಿಕೊಂಡೆ. ಇನ್ನು ನನ್ನ ಮೇಲೆ ತೀರಿಸು.