ಸ್ಕೋರಿನ ಪಟ್ಟಿಯಲ್ಲಿ ಅತ್ತೆಯ ಹೆಸರು

ನನಗೆ ಎರಡು ಹೆಸರು. ಹುಟ್ಟಿದಾಗ ಇಟ್ಟದ್ದೊಂದು, ಮದುವೆಯ ದಿನ ಇಟ್ಟದ್ದೊಂದು. ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಮೊದಲನೆಯದನ್ನು ಬರೆದರೆ ನಮ್ಮ ಮನೆಯಲ್ಲಿ ಈಗಲೂ ತಪ್ಪು ತಿಳಿಯುತ್ತಾರೆ, ಎರಡನೆಯದನ್ನು ಬರೆಯಲು ನನಗೇ ಮನಸ್ಸಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ಹೊರನಾಡಿನ ಹತ್ತಿರದ ನಮ್ಮ ಮನೆಯಿಂದ ಸಂಸೆ ಕಡೆಯ ಮನೆಯೊಂದಕ್ಕೆ ನನ್ನನ್ನು ಕೊಟ್ಟರು. ಜಾತಕ ಕೂಡಿತು. ಹುಡುಗ ಒಬ್ಬನೇ ಮಗ, ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್. ಎಲ್ಲ ಸರಿಯಾಯಿತು ಅನ್ನುವಾಗ ಒಂದು ತೊಡಕು ಬಂತು. ನನ್ನ ಹೆಸರೂ ಅತ್ತೆಯಾಗುವವರ ಹೆಸರೂ ಒಂದೇ! ಅತ್ತೆಯ ಹೆಸರಿನ ಸೊಸೆಯನ್ನು ಮನೆಯಲ್ಲಿ ಕೂಗುವುದು ಹೇಗೆ? ಹೆತ್ತ ತಾಯಿಯ ಹೆಸರು ಹಿಡಿದು ಹೆಂಡತಿಗೆ ‘ಅನ್ನ ಹಾಕೇ’ ಎನ್ನುವುದು ಹೇಗೆ? ನಮ್ಮ ಜನರಲ್ಲಿ ಇದಕ್ಕೆ ಸುಲಭದ ದಾರಿಯಿದೆ. ಧಾರೆ ಮುಗಿದ ಮೇಲೆ ತಟ್ಟೆಯಲ್ಲಿ ಅಕ್ಕಿ ಹರಡಿ ಇಡುತ್ತಾರೆ, ಮದುಮಗ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಾನೆ. ಯಾವ ಹೆಸರು ಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ. ನಾನು ಓದುವುದಕ್ಕೆ ಮೊದಲೇ ಪುರೋಹಿತರು ಆ ಅಕ್ಕಿಯನ್ನು ಚೀಲಕ್ಕೆ ಸುರಿದುಕೊಂಡರು.

ಇಷ್ಟು ಕಷ್ಟಪಟ್ಟು ಬರೆದ ಹೆಸರನ್ನಾದರೂ ಕರೆದರೇ? ಅದೂ ಇಲ್ಲ. ನಮ್ಮವರು ನನ್ನನ್ನು ಕರೆಯುತ್ತಿದ್ದದ್ದು ‘ಇವಳೇ’ ಎಂದು. ಎಸ್ಟೇಟಿನಲ್ಲಿ ನಾನು ರೈಟ್ರಮ್ಮ. ಆಳುಗಳಿಗೆ ರೈಟ್ರಮ್ಮ, ಮೇಸ್ತ್ರಿಗೆ ರೈಟ್ರಮ್ಮ, ಸಾಹುಕಾರರ ಬಂಗಲೆಗೂ ರೈಟ್ರಮ್ಮ. ಆ ತೋಟದಲ್ಲಿ ಒಂದೊಂದು ಬ್ಲಾಕಿಗೂ ಹೆಸರಿತ್ತು, ಹಳೆಯ ಜೀಪಿಗೆ ಹೆಸರಿತ್ತು, ಬಂಗಲೆಯ ಎರಡು ನಾಯಿಗಳಿಗೆ ಎಂತೆಂಥ ಇಂಗ್ಲಿಷ್ ಹೆಸರು! ಮಕ್ಕಳಾಗಿದ್ದರೆ ಅಮ್ಮ ಎಂದಾದರೂ ಕರೆಸಿಕೊಳ್ಳುತ್ತಿದ್ದೆ. ಆಗಲಿಲ್ಲ. ಹುಟ್ಟಿದ ಹೆಸರಿನಿಂದ ಕರೆಯಲು ಉಳಿದವಳು ನನ್ನ ಅಮ್ಮ ಒಬ್ಬಳೇ. ಮದುವೆಯಾದ ಮೂರನೇ ವರ್ಷ ಅವಳೂ ಹೋದಳು.

ಆಮೇಲೆ ನನಗಿದ್ದದ್ದು ಒಂದೇ ಆಸೆ. ಗಂಡನ ಮನೆಯ ಯಾರಾದರೂ ಒಂದು ಸಲ, ಬರೀ ಒಂದು ಸಲ, ನನ್ನ ಹೆಸರು ಹಿಡಿದು ಕರೆಯಬೇಕು. ಸೀರೆ ಬೇಕು, ಸರ ಬೇಕು ಎಂದು ಯಾವತ್ತೂ ಬಾಯಿ ತೆರೆದವಳಲ್ಲ ನಾನು. ಇದನ್ನೂ ಬಾಯಿ ಬಿಟ್ಟು ಕೇಳಲಿಲ್ಲ ಅನ್ನಿ.

ನಮ್ಮ ಕ್ವಾರ್ಟರ್ಸು ದೇವರಮನೆ ಗುಡ್ಡದ ಕಡೆಗೆ, ತೋಟದ ಒಂದು ತುದಿಯಲ್ಲಿತ್ತು. ಬೆಳಿಗ್ಗೆ ಆಳುಗಳ ಹಾಜರಿಗೆ ಹೋದ ನಮ್ಮವರು ಊಟಕ್ಕೆ ಬಂದು ಹೋದರೆ ಮತ್ತೆ ಕಾಣುವುದು ದೀಪ ಹಚ್ಚುವ ಹೊತ್ತಿಗೆ. ಹಣ್ಣು ಕೊಯ್ಯುವ ದಿನಗಳಲ್ಲಿ ಊಟವನ್ನೂ ಕಣದ ಹತ್ತಿರವೇ ತರಿಸಿಕೊಳ್ಳುತ್ತಿದ್ದರು. ನಾನು ಕಾದಂಬರಿ ಓದುತ್ತಿದ್ದೆ. ಮೂಡಿಗೆರೆಯ ಬಾಡಿಗೆ ಲೈಬ್ರರಿಯಿಂದ ವಾರಕ್ಕೆ ನಾಲ್ಕು ಬರುತ್ತಿದ್ದವು. ನೂರಾರು ಓದಿದ ಮೇಲೆ ಹೊದಿಕೆ ನೋಡಿಯೇ ಕಥೆ ಹೇಳುವಷ್ಟಾದೆ. ಶೀರ್ಷಿಕೆಯಲ್ಲಿ ಹೂವಿದ್ದರೆ ಮದುವೆ, ಹಣತೆಯಿದ್ದರೆ ತ್ಯಾಗ. ನಾಯಕಿಯ ಹೆಸರು ಉದ್ದವಾಗಿ, ಮೆತ್ತಗೆ, ಬಾಯಲ್ಲಿಟ್ಟರೆ ಕರಗುವಂತಿರಬೇಕು. ನಾಯಕ ಡಾಕ್ಟರೋ ಇಂಜಿನಿಯರೋ ಆಗಿರುವುದರಿಂದ ಅವನಿಗೆ ಎರಡೂವರೆ ಅಕ್ಷರ ಸಾಕು. ನನ್ನ ಹುಟ್ಟುಹೆಸರು ಮಾತ್ರ ಯಾವಾಗಲೂ ಅಡುಗೆಯವಳಿಗೆ, ಇಲ್ಲವೇ ಕೇರಿಯ ಸುದ್ದಿಯೆಲ್ಲ ಹೊತ್ತು ತಿರುಗುವ ವಿಧವೆ ಅತ್ತೆಗೆ. ಆ ಹೆಸರಿನವಳು ಒಂದು ಕಡೆಯೂ ಪ್ರೀತಿಸಿದ್ದನ್ನು ನಾನು ಕಾಣೆ. ಒಮ್ಮೆ ಸಿಟ್ಟು ಬಂದು ಪೆನ್ಸಿಲ್ಲಿನಿಂದ ಇಡೀ ಪುಸ್ತಕದಲ್ಲಿ ನಾಯಕಿಯ ಹೆಸರು ಹೊಡೆದು ನನ್ನದನ್ನು ಬರೆದೆ. ಲೈಬ್ರರಿಯವನು ದಂಡ ಹಾಕಿದ.

ಹೀಗಿರುವಾಗ ಬಂಗಲೆಯಿಂದ ಒಂದು ಟೀವಿ ಗೇಮು ಬಂತು. ಸಾಹುಕಾರರ ಮಗ ಹಾಸ್ಟೆಲು ಸೇರಿದ್ದ. ಅಮ್ಮಾವ್ರು ಆ ಡಬ್ಬಿ, ವೈರು, ಎರಡು ಕೈಹಿಡಿಗಳನ್ನು ಒಂದು ಚೀಲಕ್ಕೆ ತುಂಬಿ, “ರೈಟ್ರಮ್ಮ, ನಿಮ್ಮಲ್ಲಿ ಯಾರಾದ್ರೂ ಮಕ್ಳು ಬಂದ್ರೆ ಆಡ್ಲಿ” ಎಂದು ಕೊಟ್ಟರು. ನಮ್ಮಲ್ಲಿ ಯಾವ ಮಕ್ಕಳೂ ಬರುವುದಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲವೋ, ಹೊಳೆಯಲಿಲ್ಲವೋ. ನಾನೇ ಕೂತು ಆಡಿದೆ.

ಡಬ್ಬಿಗೆ ಸಿಕ್ಕಿಸುವ ಕ್ಯಾಸೆಟ್ಟಿನ ಮೇಲೆ ಒಂಬತ್ತು ಲಕ್ಷ ಚಿಲ್ಲರೆ ಆಟ ಎಂದು ಅಚ್ಚಾಗಿತ್ತು. ಹಾಕಿದರೆ ಪರದೆಯ ತುಂಬ ಹೆಸರು. ಟ್ಯಾಂಕ್ ಕಿಂಗ್, ಡೆಸರ್ಟ್ ಫೈಟ್, ನೈಟ್ ಟ್ಯಾಂಕ್, ಸ್ಟೀಲ್ ಹೀರೋ. ನನಗೋ ಬೇಕಾದಷ್ಟು ಹೊತ್ತಿತ್ತು. ಒಂದೊಂದನ್ನೇ ಆಡುತ್ತ ಹೋದೆ. ವಾರ ಕಳೆಯುವಷ್ಟರಲ್ಲಿ ಬಣ್ಣ ಬಯಲಾಯಿತು. ಎಲ್ಲ ಸೇರಿ ಇದ್ದದ್ದು ಹನ್ನೊಂದೇ ಆಟ, ಉಳಿದದ್ದೆಲ್ಲ ಬರೀ ಹೆಸರು! ಅದೇ ಟ್ಯಾಂಕು, ಅದೇ ಇಟ್ಟಿಗೆ ಗೋಡೆ. ಅಯ್ಯೋ ನಿಮ್ಮ ಮನೆ ಹಾಳಾಗ ಎಂದು ಅದನ್ನು ಮಾಡಿದವರಿಗೆ ಬೈದೆ. ಮತ್ತೆ ಮತ್ತೆ ಆಡಿದ ಮೇಲೆ ಒಂದು ವ್ಯತ್ಯಾಸ ಕಂಡಿತು. ಹೆಸರು ಬದಲಾದ ಆಟದಲ್ಲಿ ಮೊದಲನೇ ಹಂತ ಇರುತ್ತಿರಲಿಲ್ಲ. ನೇರ ಮೂರನೆಯದಕ್ಕೋ ಐದನೆಯದಕ್ಕೋ ತಂದು ನಿಲ್ಲಿಸುತ್ತಿತ್ತು, ಸುತ್ತಲೂ ಗುಂಡು. ಸುಲಭದ ಹಂತದಲ್ಲಿ ಕೈ ಪಳಗಿಸಿಕೊಳ್ಳಲು ಬಿಡುತ್ತಲೇ ಇರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಗುರುತಿಲ್ಲದ ಅಡುಗೆಮನೆಯಲ್ಲಿ ನಿಂತಿದ್ದು ನೆನಪಾಗಿ ಆ ಮಧ್ಯಾಹ್ನ ಸ್ವಲ್ಪ ಅತ್ತೆ.

ಹನ್ನೊಂದರಲ್ಲಿ ಒಂದು ಬೈಕಿನ ರೇಸು. ಅದರಲ್ಲಿ ಗೆದ್ದರೆ ಹೆಸರು ಕೇಳುತ್ತಿತ್ತು. ಕೈಹಿಡಿಯ ಗುಂಡಿ ಒತ್ತಿದರೆ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಮೇಲೆ ಬರುತ್ತಿದ್ದವು, ಬೇಕಾದದ್ದು ಬಂದಾಗ ನಿಲ್ಲಿಸಬೇಕು. ಮದುವೆಯಾಗಿ ಅಷ್ಟು ವರ್ಷದಲ್ಲಿ ನಿನ್ನ ಹೆಸರೇನು ಎಂದು ನನ್ನನ್ನು ಕೇಳಿದ್ದು ಆ ಯಂತ್ರ ಒಂದೇ. ಹುಟ್ಟಿದ ಹೆಸರನ್ನು ಹಾಕಿದೆ. ಅದು ಪಟ್ಟಿಯ ತುದಿಯಲ್ಲಿ ಹೋಗಿ ಕೂತು ಮಿನುಗಿತು. ಕರೆಂಟು ಹೋದರೆ ಅಳಿಸಿಹೋಗುತ್ತಿತ್ತು. ನಮ್ಮಲ್ಲಿ ಕರೆಂಟು ಹೋಗದ ದಿನ ಯಾವುದು? ಮಾರನೆಯ ದಿನ ಮೊದಲಿನಿಂದ ಆಡಿ, ಗೆದ್ದು, ಮತ್ತೆ ಬರೆಯುತ್ತಿದ್ದೆ. ಎರಡು ವರ್ಷ ದಿನಾ ಅದನ್ನೇ ಮಾಡಿದೆ ಎಂದರೆ ನೀವು ನಗಬಹುದು.

ಆ ಎರಡನೇ ವರ್ಷದ ಬೇಸಿಗೆಯಲ್ಲಿ ಅತ್ತೆಗೆ ಚಿಕ್ಕಮಗಳೂರಿನಲ್ಲಿ ಕಣ್ಣಿನ ಪೊರೆ ತೆಗೆಸಿ, ಆರೈಕೆಗೆಂದು ನಮ್ಮಲ್ಲಿಗೆ ಕರೆತಂದರು. ಅವರು ಸಂಸೆಯಲ್ಲಿ ಮಾವನ ತಮ್ಮನ ಸಂಸಾರದ ಜೊತೆ ಇದ್ದವರು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅವರು ಕೆಟ್ಟವರಲ್ಲ. ನನ್ನ ಹೆಸರು ಕಿತ್ತುಕೊಂಡು ಕೂತವರು ಎಂದು ಹೊಟ್ಟೆಯೊಳಗೆ ಉರಿ, ಅಷ್ಟೇ. ಕಣ್ಣಿಗೆ ಔಷಧ ಬಿಡುವಾಗಲೂ ಆ ಉರಿ ಹಾಗೇ ಇರುತ್ತಿತ್ತು.

ಒಂದು ದಿನ ಊಟಕ್ಕೆ ಬೇಗ ಬಂದ ನಮ್ಮವರು ಟೀವಿಯ ಮುಂದೆ ನಿಂತರು. ಪಟ್ಟಿಯ ತುದಿಯಲ್ಲಿ ಹೆಸರು ಮಿನುಗುತ್ತಿತ್ತು. ನಾನು ಕೈಹಿಡಿ ಕೆಳಗಿಟ್ಟೆ. ಈಗ ಓದುತ್ತಾರೆ, ಈಗ ತಿರುಗಿ ನನ್ನನ್ನು ನೋಡುತ್ತಾರೆ, ಈಗ ಬಾಯಿ ಬಿಟ್ಟು ಹೇಳಿಯೇ ಬಿಡುತ್ತಾರೆ.

“ಅಮ್ಮಾ, ಇಲ್ಲಿ ನೋಡೇ!” ಎಂದು ಅವರು ಒಳಗೆ ಕೂಗಿದರು. “ನಿನ್ ಸೊಸೆ ಟೀವೀಲಿ ನಿನ್ ಹೆಸ್ರು ಬರ್ದಿದ್ದಾಳೆ!”

ನನ್ನ ಕಡೆ ತಿರುಗಿದಾಗ ಅವರ ಕಣ್ಣಲ್ಲಿ ನೀರಿತ್ತು. “ನಿಂಗೆ ಅಮ್ಮನ ಮೇಲೆ ಇಷ್ಟು ಪ್ರೀತಿ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ” ಎಂದರು. ಅದು ನನ್ನ ಹೆಸರು ಕಣ್ರೀ ಎಂದರೆ ಅವರ ಮುಖ ಬಾಡುತ್ತದೆ. ಸುಮ್ಮನೆ ಎಲೆ ಹಾಕಿದೆ. ಅವರು ಅದನ್ನು ಇಡೀ ಎಸ್ಟೇಟಿಗೆ ಹೇಳಿಕೊಂಡು ಬಂದರು. ಸಂಜೆ ಮೇಸ್ತ್ರಿಯ ಹೆಂಡತಿ ಗೇಟಿನಲ್ಲಿ ನಿಂತು, “ಸೊಸೆ ಅಂದ್ರೆ ನೀವು ನೋಡಿ ರೈಟ್ರಮ್ಮ” ಎಂದಳು. ಎರಡು ವರ್ಷ ಬರೆದ ಹೆಸರು ಒಂದೇ ಮಧ್ಯಾಹ್ನ ಪೂರ್ತಿ ಅತ್ತೆಯದಾಯಿತು. ಅವತ್ತಿನಿಂದ ನಾನು ಆಡುವುದನ್ನು ಬಿಟ್ಟೆ.

ನಾಲ್ಕನೇ ದಿನವೋ ಐದನೇ ದಿನವೋ, ಮನೆಯಲ್ಲಿ ನಾವಿಬ್ಬರೇ ಇದ್ದಾಗ ಅತ್ತೆ ಕರಿ ಕನ್ನಡಕ ಸರಿಮಾಡಿಕೊಂಡು ಕೇಳಿದರು.

“ಅದು ನಂಗೆ ಅಂತ ಬರ್ದಿದ್ದಲ್ಲ. ಹೌದಾ, ಅಲ್ವಾ?”

ನಾನು ಕಣ್ಣಿನ ಔಷಧದ ಬಾಟಲಿ ಹುಡುಕತೊಡಗಿದೆ.

“ಸುಳ್ಳು ಹೇಳ್ಬೇಡ. ನಿನ್ ಹೆಸ್ರು ಬದ್ಲಾಯ್ಸಿದ್ದು ನಂಗೆ ನೆನಪಿಲ್ವಾ?”

“ನಿಮ್ದೂ ಅದೇ ಹೆಸ್ರಲ್ವಾ ಅತ್ತೆ. ಇರ್ಲಿ ಬಿಡಿ” ಎಂದೆ. ದನಿ ಒರಟಾಗಿಯೇ ಬಂದಿರಬೇಕು.

“ನಂದೆಲ್ಲಿ ಬಂತೇ?” ಅತ್ತೆ ನಕ್ಕರು. “ಅದು ನಿಮ್ ಮಾವ ಅಕ್ಕಿ ಮೇಲೆ ಬರ್ದಿದ್ದು. ನಂಗಾಗ ಹದ್ಮೂರು ವರ್ಷ. ಆ ಹೆಸ್ರು ಕರೆದ್ರೆ ತಿರುಗ್ತಾನೇ ಇರ್ಲಿಲ್ಲ ನಾನು. ಹುಡ್ಗಿಗೆ ಕಿವಿ ಕೇಳಲ್ಲ ಅಂತ ಕಳಸಕ್ಕೆ ಕರ್ಕೊಂಡು ಹೋಗಿ ಪಂಡಿತ್ರಿಗೆ ತೋರ್ಸಿದ್ರು.”

ಹತ್ತು ವರ್ಷ ನಾನು ಹಲ್ಲು ಕಡಿದದ್ದು ಯಾರ ಮೇಲೆ? ನನ್ನ ಹೆಸರು ಕಿತ್ತುಕೊಂಡವರಿಗೆ ಅದು ಬೇಕಾಗಿಯೇ ಇರಲಿಲ್ಲ. ಅವರ ತಲೆಯ ಮೇಲೆ ಯಾರೋ ಹೇರಿದ್ದನ್ನು ಉಳಿಸುವುದಕ್ಕಾಗಿ ನನ್ನದನ್ನು ತೆಗೆದಿದ್ದರು. ನಾಚಿಕೆಯಾಯಿತು. ಅವರ ಪಕ್ಕದಲ್ಲೇ ಚಾಪೆಯ ಮೇಲೆ ಕೂತು, ನಿಮ್ಮ ಹೆಸರೇನು ಅತ್ತೆ ಎಂದು ಕೇಳಿದೆ.

ಅವರು ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದರು. ಮೂರಕ್ಷರದ ಸಣ್ಣ ಹೆಸರು. ಎಪ್ಪತ್ತರ ಹತ್ತಿರದ ಆ ಮುಖಕ್ಕೆ ಅದು ಎಷ್ಟು ಚೆನ್ನಾಗಿ ಒಪ್ಪಿತೆಂದರೆ ನಾನು ಇನ್ನೊಂದು ಸಲ ಹೇಳಿಸಿದೆ. “ಅದನ್ನ ಅಲ್ಲಿ ಬರೀಲಿಕ್ಕೆ ಆಗ್ತದಾ?” ಎಂದು ಕೇಳಿದರು. ಆಗದೆ ಏನು? ಮೂರು ರೇಸು ಸೋತು ನಾಲ್ಕನೆಯದನ್ನು ಗೆದ್ದೆ. ಅವರ ಬೆರಳನ್ನು ಗುಂಡಿಯ ಮೇಲಿಟ್ಟು ಅಕ್ಷರ ನಿಲ್ಲಿಸಿದೆ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಪರದೆಯ ಹತ್ತಿರ ಹೋಗಿ ಬೆರಳಿನಿಂದ ಮುಟ್ಟಿ ನೋಡಿದರು. ಮಧ್ಯಾಹ್ನ ಊಟಕ್ಕೆ ಬಂದ ನಮ್ಮವರು, “ಇದ್ಯಾರು ಇದು ಹೊಸಬರು, ಅಮ್ಮನ್ನೇ ಸೋಲ್ಸಿದ್ದು?” ಎಂದು ಕೇಳಿದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. “ಯಾರೋ ಎಂತದೋ, ನೀನು ಊಟ ಮಾಡು” ಎಂದರು ಅತ್ತೆ.

ಅಲ್ಲಿದ್ದ ಉಳಿದ ದಿನಗಳಲ್ಲಿ ಅತ್ತೆ ನನ್ನನ್ನು ಕರೆಯಬಹುದಿತ್ತು. ಗೊತ್ತಿತ್ತಲ್ಲ ಅವರಿಗೆ. ಒಂದೆರಡು ಸಲ ನನ್ನ ಕಡೆ ನೋಡಿ ಬಾಯಿ ತೆರೆದರು, ಆದರೆ ಅಷ್ಟು ವರ್ಷ ತಮ್ಮದೆಂದು ಕೇಳಿಸಿಕೊಂಡ ಹೆಸರನ್ನು ಇನ್ನೊಬ್ಬರಿಗೆ ಕರೆಯಲು ನಾಲಗೆ ಏಳಲಿಲ್ಲ. ನಾನೂ ಅವರದನ್ನು ಕರೆಯಲಿಲ್ಲ. ಸೊಸೆ ಅತ್ತೆಯ ಹೆಸರು ಹಿಡಿಯುವುದುಂಟೇ? ಕಣ್ಣು ವಾಸಿಯಾಯಿತು, ಅವರು ಸಂಸೆಯ ಬಸ್ಸು ಹತ್ತಿದರು. ಮನೆ ಮತ್ತೆ ಮೊದಲಿನಷ್ಟೇ ಖಾಲಿಯಾಯಿತು.

ನಾಲ್ಕು ವರ್ಷದ ಮೇಲೆ ಅತ್ತೆ ತೀರಿಕೊಂಡರು. ನಾನು ನಿಜವಾಗಿ ಕಣ್ಣೀರು ಹಾಕಿದೆ. ವೈಕುಂಠ ಸಮಾರಾಧನೆ ಕಳೆದು ಎಸ್ಟೇಟಿಗೆ ವಾಪಸು ಬಂದ ಮೇಲೆ, ಒಂದು ಬೆಳಿಗ್ಗೆ ಕಾಫಿ ಕೊಡುವಾಗ ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ನಮ್ಮವರನ್ನು ಕೇಳಿಯೇ ಬಿಟ್ಟೆ.

“ಇನ್ನು ನನ್ನ ಹಳೇ ಹೆಸ್ರಿಂದ ಕರೀಬಹುದಲ್ಲ ನೀವು?”

ಅವರು ಲೋಟ ಕೆಳಗಿಟ್ಟರು. “ಎಂತ ಮಾತೇ ಇದು? ಅಮ್ಮ ಹೋಗಿ ತಿಂಗ್ಳಾಗ್ಲಿಲ್ಲ. ಅವಳ ಹೆಸ್ರು ಹಿಡಿದು ನಿನ್ನ ಕರೀಲಾ ನಾನು?”

ತಾಯಿಯನ್ನು ಕಳೆದುಕೊಂಡವರ ಹತ್ತಿರ ಜಗಳ ಮಾಡುವುದೇ? ಅದು ನಿಮ್ಮ ಅಮ್ಮನ ಹೆಸರೂ ಅಲ್ಲ ಎಂದು ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಅತ್ತೆ ನಂಬಿ ಹೇಳಿದ ಆ ಮೂರಕ್ಷರವನ್ನು ನಾನು ಇವತ್ತಿಗೂ ಯಾರಿಗೂ ಹೇಳಿಲ್ಲ.

ವರ್ಷಾಂತಿಕ ಮುಗಿದ ಮರುವರ್ಷದಿಂದ ಶ್ರಾದ್ಧವನ್ನು ಕ್ವಾರ್ಟರ್ಸಿನಲ್ಲೇ ಮಾಡತೊಡಗಿದೆವು. ಆ ಮೊದಲ ಸಲ ಮೂಡಿಗೆರೆಯಿಂದ ಪುರೋಹಿತರು ಎಸ್ಟೇಟಿನ ಜೀಪಿನಲ್ಲಿ ಬಂದರು. ನಾನು ಮಡಿಯಲ್ಲಿ ಒಲೆಯ ಮುಂದಿದ್ದೆ. ಹೊರಗೆ ನಮ್ಮವರು ದರ್ಭೆ ಹಿಡಿದು ಕೂತಿದ್ದರು. ಪಿಂಡ ಇಡುವ ಹೊತ್ತಿಗೆ ಪುರೋಹಿತರು, “ತಾಯಿಯ ಹೆಸ್ರು ಹೇಳಿ, ಗಟ್ಟಿಯಾಗಿ ಹೇಳ್ಬೇಕು” ಎಂದರು.

ನಮ್ಮವರು ಹೇಳಿದರು. ಒಂದಕ್ಷರವೂ ತಪ್ಪದ ಹಾಗೆ, ಎಷ್ಟು ಪ್ರೀತಿಯಿಂದ, ಎದೆಯೊಳಗಿಂದ ಕರೆದ ಹಾಗೆ ಹೇಳಿದರು.

“ಬಂದೆ!” ಎಂದೆ ನಾನು. ಸೌಟು ಕೈಯಲ್ಲೇ ಇತ್ತು, ಹೊಸ್ತಿಲವರೆಗೆ ಬಂದುಬಿಟ್ಟಿದ್ದೆ.

ಮಂತ್ರ ನಿಂತಿತು. ಪುರೋಹಿತರು ತಲೆಯೆತ್ತಿ, “ಎಂತಮ್ಮ?” ಎಂದರು. ನಮ್ಮವರೂ ತಿರುಗಿ ನೋಡಿದರು.

“ನಿನ್ನನ್ನಲ್ಲ, ಇವಳೇ” ಎಂದರು.