ಕತ್ತಿ ಮಡಚಿಟ್ಟು ಮಾತಾಡುತ್ತಿದ್ದ ಅಣ್ಣ

ಹೋದ ವಾರ ನನ್ನ ಅಂಗಡಿಯಲ್ಲಿ ಗಡ್ಡ ಮಾಡಿಸಿಕೊಳ್ಳಲು ಕೂತಿದ್ದ ಗಿರಾಕಿಯೊಬ್ಬರು ಅರ್ಧ ಕೆಲಸ ಆಗಿರುವಾಗ ಕೈಯೆತ್ತಿ ನನ್ನನ್ನು ನಿಲ್ಲಿಸಿದರು. ಮೊಬೈಲಿನಲ್ಲಿ ಏನೋ ಸುದ್ದಿ ಬಂದಿತ್ತು. ಯಾವುದೋ ದೂರದ ದೇಶದ ಸರ್ವಾಧಿಕಾರಿಯನ್ನು ಇಳಿಸಲು ದೊಡ್ಡ ದೇಶವೊಂದು ವಿಮಾನ ಕಳಿಸಿದೆಯಂತೆ. ಅವರು ನೋಡುತ್ತಾ ಕೂತರು, ನಾನು ಕಾಯುತ್ತಾ ನಿಂತೆ. ಅಷ್ಟರಲ್ಲಿ ಇನ್ನೊಂದು ಕೆನ್ನೆಯ ನೊರೆ ಒಣಗಿತು. ಒಣಗಿದ ನೊರೆಗೆ ಬೇರೆಯೇ ಒಂದು ವಾಸನೆ. ಹಸಿ ನೊರೆಯ ಹಾಗೆ ಘಮ್ಮೆನ್ನುವುದಿಲ್ಲ, ಹೊಸದಾಗಿ ಸುಣ್ಣ ಹೊಡೆದ ಗೋಡೆಯ ಪಕ್ಕ ನಿಂತ ಹಾಗೆ ಇರುತ್ತದೆ… ಆ ವಾಸನೆ ಮೂಗಿಗೆ ಬಂದಾಗ ಅಣ್ಣ ಪಕ್ಕದ ಕುರ್ಚಿಯ ಹಿಂದೆ ನಿಂತಿದ್ದಾನೆ ಅನ್ನಿಸಿ ತಿರುಗಿ ನೋಡಿದೆ.

ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಮ್ಮ ಕ್ಷೌರದಂಗಡಿ. ಅಪ್ಪ ಮಾಡಿದ್ದು. ಎರಡು ಕುರ್ಚಿ, ಎರಡು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಒಳಗಿನ ಕುರ್ಚಿ ಅಣ್ಣನದು, ಬಾಗಿಲ ಕಡೆಯದು ನನ್ನದು. ಅಣ್ಣ ಎಸ್ಸೆಸ್ಸೆಲ್ಸಿವರೆಗೆ ಓದಿದ್ದ. ನಾನು ಏಳನೇ ಕ್ಲಾಸಿಗೇ ಬಿಟ್ಟು ಕತ್ತಿ ಹಿಡಿದವನು. ಕೆಲಸದಲ್ಲಿ ನಾನೇ ಒಂದು ಕೈ ಮೇಲು, ಇದನ್ನು ಅಣ್ಣನೂ ಒಪ್ಪುತ್ತಿದ್ದ. ನನ್ನ ಕೈ ಹಗುರ. ಅವನು ಮಾಡಿದ ಗಡ್ಡದಲ್ಲಿ ದವಡೆಯ ಕೆಳಗೆ ನಾಲ್ಕು ಕೂದಲು ಉಳಿದೇ ಉಳಿಯುತ್ತಿತ್ತು.

ಆದರೂ ಜನ ಅವನ ಕುರ್ಚಿಗೇ ಕಾಯುತ್ತಿದ್ದರು. ನನ್ನ ಕುರ್ಚಿ ಖಾಲಿ ಇರುತ್ತಿತ್ತು. ನಾನು ಟವೆಲ್ ಕೊಡವಿ, "ಬನ್ನಿ ಸಾ, ಇಲ್ಲಿ ಖಾಲಿ ಐತಲ್ಲ" ಎಂದರೆ, "ಇರ್ಲಿ ಬುಡಪ್ಪ, ನಿಮ್ಮಣ್ಣ ಮುಗಿಸ್ಲಿ" ಎಂದು ಪೇಪರು ಬಿಡಿಸಿಕೊಳ್ಳುತ್ತಿದ್ದರು. ಖಾಲಿ ಕುರ್ಚಿಯ ಹಿಂದೆ ಟವೆಲ್ ಹಿಡಿದು ನಿಲ್ಲುವುದು ಎಂಥದ್ದೆಂದು ನಿಂತವರಿಗೇ ಗೊತ್ತು. ಎದುರಿಗೆ ಕನ್ನಡಿ ಬೇರೆ. ನನ್ನ ಮುಖ ನಾನೇ ನೋಡಿಕೊಳ್ಳಬೇಕಾಗಿತ್ತು.

ಅವರು ಕಾಯುತ್ತಿದ್ದದ್ದು ಅಣ್ಣನ ಮಾತಿಗೆ. ಕೈಯಲ್ಲಿ ಕತ್ತಿ ಇರುವಾಗ ಗಿರಾಕಿಯ ಜೊತೆ ವಾದ ಮಾಡಬಾರದು ಎಂದು ಅಪ್ಪ ಕಟ್ಟಳೆ ಮಾಡಿದ್ದರು. ಕತ್ತು ನಮ್ಮ ಕೈಗೆ ಕೊಟ್ಟು ಕೂತವನ ಹತ್ತಿರ ಎದುರಾಡುವುದು ನ್ಯಾಯವಲ್ಲ, ಅವನು ಏನಂದರೂ ಹೂಂ ಅನ್ನಬೇಕು. ಅಣ್ಣ ಈ ಕಟ್ಟಳೆಯನ್ನು ಮುರಿಯಲೂ ಇಲ್ಲ, ಅದಕ್ಕೆ ಸಿಕ್ಕಿಬೀಳಲೂ ಇಲ್ಲ. ವಾದ ಬಂತೆಂದರೆ ಕತ್ತಿ ಮಡಚಿ ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು, ಕೈ ಒರೆಸಿಕೊಂಡು ಶುರು ಮಾಡುತ್ತಿದ್ದ. ಗಿರಾಕಿಯೂ ಅರ್ಧ ಮುಖದ ನೊರೆಯಲ್ಲೇ ತಿರುಗಿ ಕೂರುತ್ತಿದ್ದರು. ನೊರೆ ಒಣಗಿ ಬಿರುಕು ಬಿಟ್ಟು ಮಡಿಲಿಗೆ ಉದುರಿದರೂ ಯಾರಿಗೂ ಪರಿವೆ ಇರುತ್ತಿರಲಿಲ್ಲ.

ಆಗಲೂ ಹೀಗೇ ಹೊರದೇಶದ ಒಬ್ಬ ಸರ್ವಾಧಿಕಾರಿಯ ಸುದ್ದಿ. ತನ್ನ ಜನರನ್ನೇ ಕೊಲ್ಲಿಸುತ್ತಿದ್ದಾನೆ, ಅವನ ಮೇಲೆ ಬೇರೆ ದೇಶದ ಸೈನ್ಯ ಹೋಗಬೇಕೋ ಬೇಡವೋ ಎಂದು ಪೇಪರಿನಲ್ಲಿ ದಿನವೂ ಬರುತ್ತಿತ್ತು. ಅಣ್ಣನ ಎದುರು ಈ ವಾದಕ್ಕೆ ಗಟ್ಟಿಯಾಗಿ ನಿಂತವರು ಹೊಳೆಯಾಚೆ ಹಳ್ಳಿಯ ನಿವೃತ್ತ ಸೈನಿಕರೊಬ್ಬರು. ನಾವೆಲ್ಲ ಅವರನ್ನು ಮಿಲಿಟರಿಯವರು ಎಂದೇ ಕರೆಯುತ್ತಿದ್ದೆವು. ಸೇವೆಯಲ್ಲಿದ್ದಾಗ ಶಾಂತಿ ಕಾಯುವ ಕೆಲಸಕ್ಕೆಂದು ಹೊರದೇಶಕ್ಕೂ ಹೋಗಿ ಬಂದಿದ್ದರು.

"ಬೆಂಕಿ ಬಿದ್ದಿರೋ ಮನೇಗೆ ಬಾಗ್ಲು ತಟ್ಟಿ, ಒಳೀಕ್ ಬರ್ಲಾ ಅಂತ ಕೇಳ್ಕಂಡ್ ನುಗ್ತಾರೇನಯ್ಯಾ?" ಎಂದರು ಒಂದು ದಿನ.

ಅಣ್ಣ ಕತ್ತಿ ಮಡಚಿಟ್ಟ. "ಬೆಂಕಿ ಆರ್ಸಕ್ ಬರೋನು ನೀರ್ ತರ್ಬೇಕು ಸಾ. ಇವ್ರು ಬಾಂಬ್ ತತ್ತಾವ್ರಲ್ಲ."

"ಮತ್ತೆ ಆ ರಾಕ್ಷಸನ್ನ ಇಳ್ಸೋರು ಯಾರ್ಲಾ?"

"ಅವನ ಜನವೇ ಇಳುಸ್ಬೇಕು ಸಾ. ಬ್ಯಾರೇರು ಇಳುಸ್ಕೊಟ್ರೆ, ಇಳ್ಸಿದೋರೇ ಮ್ಯಾಲ್ ಕೂತ್ಕತಾರೆ."

"ಮೊದ್ಲು ನನ್ನ ಈ ಕಡೆ ಮೀಸೆ ಇಳ್ಸು. ಆಮ್ಯಾಲೆ ಸರ್ವಾಧಿಕಾರಿ ವಿಚಾರ ನೋಡಾನ."

ಬೆಂಚಿನವರೆಲ್ಲ ನಕ್ಕರು. ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. ನಾನೂ ನಕ್ಕೆ. ಅದೇ ಮಾತು ನಾನು ಆಡಿದ್ದರೆ ಯಾರು ತಿರುಗಿ ಕೂರುತ್ತಿದ್ದರು? ಒಂದೆರಡು ಸಲ ಆಡಿಯೂ ನೋಡಿದ್ದೆ. "ಹೂಂ ಹೂಂ, ಕಿವಿ ತಾವ ನೋಡ್ಕಂಡ್ ಮಾಡಪ್ಪ" ಎಂದಿದ್ದರು.

ಇನ್ನೊಂದು ದಿನ ಮಿಲಿಟರಿಯವರು ಬಂದಿರಲಿಲ್ಲ, ಆದರೂ ವಾದ ನಡೆದಿತ್ತು. ಅಣ್ಣ ಅಂದದ್ದು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. "ಆ ದೊಡ್ಡ ದೇಶದ ಸೈನಿಕ ಗೊತ್ತಿಲ್ಲದ ಊರಲ್ಲಿ ಬಂದ್ ಇಳೀತಾನೆ. ಯಾವ ಮನೇಲಿ ಮಗು ಮಲ್ಗೈತೆ, ಯಾವ ಮನೇಲಿ ಶತ್ರು ಅವ್ನೆ, ಅವ್ನಿಗೆಂಗೆ ಗೊತ್ತಾದಾತು? ಮ್ಯಾಲಿನೋರು ಗುಂಡಲ್ಲಿ ಸುಡು ಅಂದ್ರೆ ಸುಡ್ತಾನೆ. ಊರಿಗೋದ್ ಮ್ಯಾಲೆ ಪಾಪ ಅವ್ನಿಗೂ ನಿದ್ದೆ ಬರಾಕಿಲ್ಲ" ಎಂದಿದ್ದ.

ಮಾರನೆಯ ಬೆಳಿಗ್ಗೆ ಅಣ್ಣ ಒಂದು ಮದುವೆ ಮನೆಗೆ, ಮದುವಣಿಗನಿಗೆ ಕ್ಷೌರ ಮಾಡಲು ಹೋಗಿದ್ದ. ಮಿಲಿಟರಿಯವರು ಬಂದು ಒಳಗಿನ ಖಾಲಿ ಕುರ್ಚಿ ನೋಡಿ ವಾಪಸ್ಸು ಹೊರಟೇ ಬಿಟ್ಟಿದ್ದರು. ನಾನು ಬಲವಂತ ಮಾಡಿ ಕೂರಿಸಿದೆ. ನೊರೆ ಹಚ್ಚುವಾಗಲೂ ಅವರ ಕಣ್ಣು ಬಾಗಿಲ ಕಡೆಗೇ ಇತ್ತು.

"ನೆನ್ನೆ ನಾನಿರ್ನಿಲ್ಲ. ಏನಂದ ನಿಮ್ಮಣ್ಣ?" ಎಂದರು.

ಕತ್ತಿ ಅವರ ಗಂಟಲ ಮೇಲಿತ್ತು. "ಏನಿಲ್ಲ ಸಾ… ಮಿಲಿಟ್ರಿಯೋರು ಅಂದ್ರೆ ಅಷ್ಟೇಯ, ಸುಡು ಅಂದ್ರೆ ಸುಡೋರು, ಮಕ್ಳು ಮರಿ ಅಂತ ನೋಡಾಕಿಲ್ಲ ಅಂತಿದ್ದ" ಎಂದೆ.

ಸುಳ್ಳು ಸೇರಿಸಿ ಹೇಳಲಿಲ್ಲ ಎಂದು ನಾನು ನನಗೇ ಬಹಳ ವರ್ಷ ಹೇಳಿಕೊಂಡಿದ್ದೇನೆ. ಅಣ್ಣ ಯಾವ ದೇಶದ ಸೈನಿಕನ ಮಾತಾಡಿದ್ದನೋ ಅದನ್ನು ನುಂಗಿದೆ. ಆ ಸೈನಿಕನಿಗೂ ನಿದ್ದೆ ಬರುವುದಿಲ್ಲ ಎಂದದ್ದನ್ನೂ ನುಂಗಿದೆ. ಕತ್ತಿಯ ಅಲಗಿನ ಕೆಳಗೆ ಮಿಲಿಟರಿಯವರ ಗಂಟಲು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಅದು ನನ್ನ ಬೆರಳಿಗೆ ತಿಳಿಯಿತು.

ಬಂದ ಭಾನುವಾರ ಅಂಗಡಿ ತುಂಬಿರುವಾಗ ಅವರ ಊರಿನ ನಾಲ್ಕೈದು ಜನ ಬಂದರು. ಮಿಲಿಟರಿಯವರು ಹೊರಗೆ ರಸ್ತೆಯಲ್ಲೇ ನಿಂತಿದ್ದರು.

"ಏನಯ್ಯಾ, ನಮ್ಮ ಮಿಲಿಟ್ರಿಯೋರು ಮಕ್ಳನ್ನ ಸುಡೋರು ಅಂದ್ಯಂತೆ? ನಿನ್ನ ತಮ್ಮನ ಬಾಯಲ್ಲೇ ಕೇಳವ್ರೆ."

"ನಾನಂದಿದ್ದು…" ಎಂದು ಅಣ್ಣ ಶುರು ಮಾಡಿದ. ಕತ್ತಿ ಆಗಲೇ ಮಡಚಿಟ್ಟಿದ್ದ. ಅವನು ನನ್ನ ಕಡೆ ತಿರುಗಲಿಲ್ಲ, ಎದುರಿನ ಕನ್ನಡಿಯಲ್ಲಿ ನನ್ನ ಮುಖ ನೋಡಿದ.

ಒಂದು ಮಾತು ಸಾಕಿತ್ತು. ಅಣ್ಣ ಹಾಗೆ ಅಂದಿಲ್ಲ, ನಾನೇ ತಿರುಚಿದೆ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಕುರ್ಚಿಯಲ್ಲಿ ಒಬ್ಬ ಗಿರಾಕಿ ಕೂತಿದ್ದ. ನಾನು ತಲೆ ಬಗ್ಗಿಸಿ ಅವನ ಗಡ್ಡ ಮಾಡುತ್ತಲೇ ಇದ್ದೆ. ಕೈಯಲ್ಲಿ ಕತ್ತಿ ಇದೆ, ಮಾತಾಡಬಾರದು… ಅಪ್ಪನ ಕಟ್ಟಳೆ ನನಗೆ ನೆನಪಾದದ್ದು ಅವತ್ತು ಮಾತ್ರ.

"ತಪ್ಪಾಯ್ತು ಬುಡಿ" ಎಂದ ಅಣ್ಣ. ರಸ್ತೆಗೆ ಇಳಿದು ಮಿಲಿಟರಿಯವರ ಮುಂದೆ ನಿಂತು ಕೈ ಮುಗಿದು ಇನ್ನೊಂದು ಸಲ ಹೇಳಿದ. ಇಲ್ಲ ಎಂದಿದ್ದರೆ ಆ ಜನ ನನ್ನ ಕಡೆ ತಿರುಗುತ್ತಿದ್ದರು. ಅದಕ್ಕೇ ಒಪ್ಪಿಕೊಂಡನೇನೋ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮನೆಗೆ ಬಂದು ಇಬ್ಬರೂ ಒಟ್ಟಿಗೇ ಊಟಕ್ಕೆ ಕೂತೆವು. ನನ್ನ ತಟ್ಟೆಗೆ ಅವನೇ ಮುದ್ದೆ ಬಡಿಸಿದ.

ಆಮೇಲೆ ಅವನು ಅಂಗಡಿಯಲ್ಲಿ ವಾದ ಮಾಡಲಿಲ್ಲ. ಯಾರು ಏನು ಕೆದಕಿದರೂ ಹೂಂ ಎಂದಷ್ಟೇ ಹೇಳಿ ಕತ್ತಿ ಆಡಿಸುತ್ತಿದ್ದ. ಮಾತಿಲ್ಲದ ಮೇಲೆ ದವಡೆಯ ಕೆಳಗೆ ಉಳಿದ ನಾಲ್ಕು ಕೂದಲು ಜನರಿಗೆ ಕಾಣತೊಡಗಿತು. ಒಬ್ಬೊಬ್ಬರಾಗಿ ಬಾಗಿಲ ಕಡೆಯ ಕುರ್ಚಿಗೆ ಬಂದರು. ನಾನು ಬಯಸಿದ್ದು ಅದನ್ನೇ. ಖುಷಿಯಾಗಲಿಲ್ಲ ಎಂದರೆ ಅದೂ ಸುಳ್ಳು. ಖುಷಿಯಾಯಿತು, ಆ ಖುಷಿಗೇ ರಾತ್ರಿ ನಿದ್ದೆ ಹಿಡಿಯುತ್ತಿರಲಿಲ್ಲ.

ವರ್ಷ ತುಂಬುವುದರೊಳಗೆ ಅಣ್ಣ ಅತ್ತಿಗೆಯ ತವರು ಅರಕಲಗೂಡಿಗೆ ಹೋಗಿ ಒಂದೇ ಕುರ್ಚಿಯ ಅಂಗಡಿ ಹಾಕಿಕೊಂಡ. ಹಬ್ಬಕ್ಕೆ ಹೋಗಿ ಬರುತ್ತಿದ್ದೆವು. ಆ ಕಡೆಯಿಂದ ಬಂದವರು, "ನಿಮ್ಮಣ್ಣ ಮೂಗ ಆಗ್ಬುಟ್ಟವ್ನಲ್ಲ" ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ.

ಹೋದ ವರ್ಷ ಅಣ್ಣ ತೀರಿಕೊಂಡ. ಎದೆ ನೋವು ಎಂದನಂತೆ, ಹಾಸನದ ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು. ಅರಕಲಗೂಡಿನಲ್ಲಿ ತಿಥಿಯ ದಿನ ಊಟದ ಪಂಕ್ತಿಯಲ್ಲಿ ಮಿಲಿಟರಿಯವರನ್ನು ಕಂಡೆ. ಮುದುಕರಾಗಿದ್ದರು, ಕೈಯಲ್ಲಿ ಕೋಲು. ಕೈ ತೊಳೆದು ಬಂದು ನನ್ನ ಪಕ್ಕವೇ ಕೂತರು.

"ತಿಂಗ್ಳಿಗೊಂದ್ ಸಲ ಬತ್ತಿದ್ದೆ ಕಣಪ್ಪ ಇಲ್ಲೀಗೆ" ಎಂದರು.

"ಯಾಕ್ ಸಾ?"

"ಕ್ಷೌರದಂಗ್ಡಿಗೆ ಇನ್ಯಾಕ್ ಬತ್ತಾರ್ಲಾ? ಗಡ್ಡ ಮಾಡುಸ್ಕಳಾಕೆ."

ಅವರೇ ಮುಂದುವರಿಸಿದರು. "ಅವತ್ತು ತಪ್ಪಾಯ್ತು ಅಂದ್ಬುಟ್ನಲ್ಲ, ನಂಗದು ಸರಿ ಅನ್ನುಸ್ನಿಲ್ಲ. ಅಷ್ಟ್ ಬಿರ್ನೆ ಸೋಲೋ ಗಿರಾಕಿ ಅಲ್ಲ ಅವ್ನು. ವಿಳಾಸ ಕೇಳ್ಕಂಡು ಬಸ್ ಅತ್ಕಂಡ್ ಬಂದೆ. ಅಂಗಂದಿದ್ದು ದಿಟವೇನ್ಲಾ ಅಂದೆ. ನೊರೆ ಆರೋಯ್ತದೆ ಸುಮ್ಕಿರಿ ಸಾ ಅಂದ. ಅದ್ನ ಬುಟ್ಟು ಮಿಕ್ಕಿದ್ದೆಲ್ಲ ಮಾತಾಡ್ದ. ಎಲ್ರ್ ತಾವ್ಲೂ ಮೂಗ, ನಾನ್ ಬಂದೆ ಅಂದ್ರೆ ಕತ್ತಿ ಮಡ್ಚಿ ಮಡುಗ್ಬುಡೋನು."

ಆಮೇಲೆ ಒಂದಿಷ್ಟು ನಕ್ಕರು. "ಕೊನೀಗೇನಾಯ್ತು ಗೊತ್ತಾ? ಒಂದೊಂದ್ ಸಲ ಸೈನ್ಯ ಓಗ್ಲೇಬೇಕು ಸಾ ಅಂತ ನಿಮ್ಮಣ್ಣ ನನ್ನ್ ಕಡೀಕ್ ಬಂದ. ನಾನ್ ಅಷ್ಟೊತ್ಗೆ, ಓಗೋದೇ ಬ್ಯಾಡ ಅನ್ನೋ ಅವನ್ ಕಡೀಕ್ ಓಗಿದ್ದೆ. ತಿರ್ಗಾ ಮೊದ್ಲಿಂದ ಜಗ್ಳ."

"ಅವ್ನ್ಯಾಕ್ ಬದಲಾದ ಸಾ?"

"ಅದು ಉದ್ದದ್ ಮಾತು. ಒಂದಿನ ಮನೆತಾವ್ ಬಾ, ಕೂತ್ಕಂಡ್ ಯೋಳ್ತೀನಿ" ಎಂದು ಕೋಲೂರಿ ಎದ್ದರು.

ಅಣ್ಣ ಹೋದ ದುಃಖ, ನಾಚಿಕೆ ಎಲ್ಲ ಆಮೇಲೆ ಬಂದವು. ಮೊದಲು ಬಂದದ್ದು ಹೊಟ್ಟೆಕಿಚ್ಚು. ಅಷ್ಟು ವರ್ಷ ಅವನ ಮಾತು ಇನ್ನೊಬ್ಬರಿಗೆ ಸಿಗುತ್ತಲೇ ಇತ್ತು. ನನಗೆ ಹಬ್ಬದ ದಿನ ಊಟ ಆಯ್ತಾ, ಮಳೆ ಹೆಂಗೆ ಎನ್ನುವಷ್ಟು ಮಾತ್ರ. ಅವನ ಹೆಣದ ಮುಂದೆ ಬಾರದ ಅಳು ಅವತ್ತು ಆ ಮುದುಕರ ಬೆನ್ನು ನೋಡುತ್ತಾ ಬಂತು.

ಈಗ ಮತ್ತೆ ಅಂಥದೇ ಸುದ್ದಿ, ಮತ್ತೆ ಸೈನ್ಯ ಹೋಗಬೇಕೋ ಬೇಡವೋ ಎಂಬ ಮಾತು. ನನಗೂ ಒಂದು ಅಭಿಪ್ರಾಯ ಬೇಕು ಅನ್ನಿಸುತ್ತದೆ. ಯೋಚಿಸಲು ಹೊರಟರೆ ಅಣ್ಣನ ಹಳೆಯ ಮಾತೇ ಬಾಯಿಗೆ ಬರುತ್ತದೆ, ಅದನ್ನು ಅವನೇ ಬಿಟ್ಟುಕೊಟ್ಟಿದ್ದ ಎಂದು ನೆನಪಾಗಿ ಸುಮ್ಮನಾಗುತ್ತೇನೆ. ಮಿಲಿಟರಿಯವರ ಊರು ಹೊಳೆ ದಾಟಿದರೆ ಸಿಗುತ್ತದೆ, ಬಸ್ಸೂ ಬೇಕಿಲ್ಲ. ಹೋದರೆ ಮೊದಲು ನಾನು ನುಂಗಿದ ಮಾತನ್ನು ಅವರ ಮುಂದೆ ಹೇಳಬೇಕು… ಇನ್ನೂ ಹೋಗಿಲ್ಲ. ಅವರಿಗೆ ತುಂಬ ವಯಸ್ಸಾಗಿದೆ. ನನ್ನ ಅಣ್ಣ ಯಾಕೆ ಮನಸ್ಸು ಬದಲಾಯಿಸಿದ ಎಂದು ಬಲ್ಲವರು ಅವರೊಬ್ಬರೇ.